ಇಟ್ಟುಕೊಂಡರೆ ತಾನೇ ಕದಿಯುವುದು?

2018ರ ಆಗಸ್ಟ್ 21ರಿಂದ ಸೆಪ್ಟೆಂಬರ್ 5ರವರೆಗೆ ಬ್ರಿಟಿಷ್ ಏರ್‌ವೇಸ್‌ನ ವೆಬ್‌ಸೈಟಿನಲ್ಲಿ ಟಿಕೆಟ್ ಕೊಂಡವರಿಗೆ ಯಾವ ಅನುಮಾನವೂ ಬರಲಿಲ್ಲ. ವಿಳಾಸಪಟ್ಟಿಯಲ್ಲಿ ಬೀಗದ ಚಿಹ್ನೆ ಇತ್ತು, ದುಡ್ಡು ಕಟ್ಟಿದ ಕೂಡಲೇ ಟಿಕೆಟ್ಟೂ ಬಂತು. ಆದರೆ ಪಾವತಿಯ ಗುಂಡಿ ಒತ್ತಿದ ಗಳಿಗೆಯಲ್ಲೇ ಅವರ ಹೆಸರು, ವಿಳಾಸ, ಕಾರ್ಡ್ ಸಂಖ್ಯೆ, ಕಾರ್ಡಿನ ಬೆನ್ನ ಮೇಲಿನ ಮೂರಂಕಿಯ ಸಿವಿವಿ ಇವೆಲ್ಲದರ ಇನ್ನೊಂದು ಪ್ರತಿ ‘ಬಿಎವೇಸ್ ಡಾಟ್ ಕಾಮ್’ ಎಂಬ, ಕಂಪನಿಯದ್ದೇ ಇರಬೇಕು ಅನ್ನಿಸುವ ಹೆಸರಿನ ತಾಣಕ್ಕೆ ರವಾನೆಯಾಗುತ್ತಿತ್ತು. ಅದರ ಸರ್ವರ್ ಇದ್ದದ್ದು ರೊಮೇನಿಯಾದಲ್ಲಿ. ಇಷ್ಟೂ ಕೆಲಸ ಮಾಡಿದ್ದು ವೆಬ್‌ಸೈಟಿನ ಹಳೆಯದೊಂದು ಜಾವಾಸ್ಕ್ರಿಪ್ಟ್ ಕಡತದ ಬಾಲಕ್ಕೆ ಯಾರೋ ಅಂಟಿಸಿಹೋಗಿದ್ದ 22 ಸಾಲುಗಳ ಕೋಡ್. ಹದಿನೈದು ದಿನ ಕಂಪನಿಗೆ ಅದರ ಸುಳಿವೇ ಇರಲಿಲ್ಲ. ಕೊನೆಗೂ ಪತ್ತೆಯಾದದ್ದು ಹೊರಗಿನವರು ಬಂದು ಹೇಳಿದ ಮೇಲೆ.

ಈ ಕಥೆಯನ್ನು ಹ್ಯಾಕರ್‌ಗಳ ಚಾಣಾಕ್ಷತೆಗೆ ಉದಾಹರಣೆಯಾಗಿ ಹೇಳುವುದುಂಟು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ತನಿಖೆ ನಡೆಸಿ ಹೊರಗೆಡವಿದ ಸಂಗತಿಗಳು ಬೇರೆಯದನ್ನೇ ಹೇಳುತ್ತವೆ. ಕಳ್ಳರು ಒಳಹೊಕ್ಕದ್ದು ಕಂಪನಿಗೆ ಸೇವೆ ಒದಗಿಸುತ್ತಿದ್ದ ಗುತ್ತಿಗೆ ಸಂಸ್ಥೆಯ ನೌಕರರೊಬ್ಬರ ಲಾಗಿನ್ ಮೂಲಕ. ಆ ಲಾಗಿನ್ನಿಗೆ ಒಟಿಪಿಯಂಥ ಎರಡನೇ ತಪಾಸಣೆ ಇರಲಿಲ್ಲ. ಒಳಗೆ ಅಡ್ಡಾಡುತ್ತಿದ್ದ ಅವರಿಗೆ ಒಂದು ಕಡೆ ಸಾದಾ ಅಕ್ಷರಗಳಲ್ಲೇ ಬರೆದಿಟ್ಟ ಕಾರ್ಡ್ ವಿವರಗಳ ಕಡತಗಳು ಸಿಕ್ಕವು. ಸುಮಾರು 1,08,000 ಕಾರ್ಡುಗಳು, ಹೆಚ್ಚಿನವುಗಳ ಸಿವಿವಿ ಸಮೇತ! ವ್ಯವಸ್ಥೆಯನ್ನು ಪರೀಕ್ಷಿಸುವಾಗ ಎಂಜಿನಿಯರುಗಳು ಹಾಕಿಕೊಂಡಿದ್ದ ಒಂದು ಅನುಕೂಲ ಅದು. ವ್ಯವಸ್ಥೆ ಚಾಲೂ ಆದ ಮೇಲೆ ಅದನ್ನು ನಿಲ್ಲಿಸಬೇಕಿತ್ತು, ಯಾರೂ ನಿಲ್ಲಿಸಲಿಲ್ಲ. 2015ರಿಂದ ಅದು ತನ್ನ ಪಾಡಿಗೆ ತಾನು ಬರೆಯುತ್ತಲೇ ಇತ್ತು. ಒಂದೊಂದು ದಾಖಲೆಯೂ 95 ದಿನ ಅಲ್ಲಿ ಉಳಿಯುತ್ತಿತ್ತು.

ಒಟ್ಟು ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಯ ಮಾಹಿತಿ ಅಪಾಯಕ್ಕೆ ಸಿಲುಕಿದ ಈ ಪ್ರಕರಣದಲ್ಲಿ 18.3 ಕೋಟಿ ಪೌಂಡ್ ದಂಡ ವಿಧಿಸುವುದಾಗಿ ಆಯುಕ್ತರ ಕಚೇರಿ 2019ರಲ್ಲಿ ಗುಡುಗಿತು. 2020ರ ಅಕ್ಟೋಬರ್‌ನಲ್ಲಿ ಕೈಗೆ ಬಂದದ್ದು 2 ಕೋಟಿ ಪೌಂಡಿನ ಆದೇಶ. ನಡುವೆ ಕಂಪನಿ ತನ್ನ ವಾದ ಮಂಡಿಸಿತ್ತು, ಕೊರೊನಾವೂ ಬಂದಿತ್ತು.

ಆ 22 ಸಾಲು ಬರೆದವರು ಕಳ್ಳರು, ಸರಿ. ಆದರೆ 1,08,000 ಕಾರ್ಡುಗಳನ್ನು ಬರೆದಿಟ್ಟದ್ದು ಕಂಪನಿಯೇ. ವೆಬ್‌ಸೈಟುಗಳು ನಮ್ಮ ಮಾಹಿತಿಯನ್ನು ಹೇಗೆ ಕಾಪಾಡುತ್ತವೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಬೀಗ, ಗೋಡೆ, ಕಾವಲುಗಾರರ ಕಡೆ ನೋಡುತ್ತಾರೆ. ನೋಡಬೇಕಾದದ್ದು ಅದಕ್ಕೂ ಮೊದಲಿನ ಮೂರು ತೀರ್ಮಾನಗಳ ಕಡೆಗೆ: ಏನನ್ನು ಕೇಳುವುದು, ಕೇಳಿದ್ದನ್ನು ಯಾವ ರೂಪದಲ್ಲಿ ಇಡುವುದು, ಯಾವಾಗ ಎಸೆಯುವುದು. ಇವನ್ನು ಯಾವ ಹ್ಯಾಕರನೂ ತೀರ್ಮಾನಿಸುವುದಿಲ್ಲ.

ಕೇಳುವುದು ಎಂದಾಗ ಫಾರಂ ತುಂಬುವುದಷ್ಟೇ ನೆನಪಿಗೆ ಬರುತ್ತದೆ. ನಿಜದಲ್ಲಿ ಒಂದಕ್ಷರ ಟೈಪ್ ಮಾಡದಿದ್ದರೂ, ಪುಟ ತೆರೆದ ಮಾತ್ರಕ್ಕೇ ಒಂದಿಷ್ಟು ಸಂಗತಿ ಆಚೆ ಬದಿಗೆ ತಲುಪಿರುತ್ತದೆ. ಇಂಟರ್‌ನೆಟ್ ಸಂಪರ್ಕದ ಐಪಿ ವಿಳಾಸ, ಅದರಿಂದ ಸರಿಸುಮಾರು ಯಾವ ಊರು ಎಂಬ ಅಂದಾಜು, ಫೋನೋ ಕಂಪ್ಯೂಟರೋ, ಯಾವ ಬ್ರೌಸರ್, ಯಾವ ಭಾಷೆ, ಪರದೆಯ ಅಳತೆ ಎಷ್ಟು ಎಂಬುದೆಲ್ಲ ಇದರಲ್ಲಿ ಸೇರಿದೆ. ಪುಟವನ್ನು ಕಳಿಸಿಕೊಡಲು ಇವುಗಳಲ್ಲಿ ಕೆಲವು ನಿಜವಾಗಿಯೂ ಬೇಕು. ಇವುಗಳ ಜೊತೆಗೆ ಬರುವುದು ಕುಕೀ.

ಕುಕೀ ಎಂದರೆ ವೆಬ್‌ಸೈಟು ನಮ್ಮ ಬ್ರೌಸರಿನಲ್ಲಿ ಬರೆದಿಟ್ಟುಹೋಗುವ ಪುಟ್ಟ ಚೀಟಿ. ಇದನ್ನು ರೂಪಿಸಿದ್ದು 1994ರಲ್ಲಿ, ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬ ತರುಣ ಎಂಜಿನಿಯರ್. ವೆಬ್‌ಗೆ ಹುಟ್ಟಿನಿಂದಲೇ ಮರೆವು. ಒಂದು ಪುಟ ನೋಡಿ ಇನ್ನೊಂದಕ್ಕೆ ಹೋದರೆ ಸರ್ವರಿನ ಲೆಕ್ಕದಲ್ಲಿ ಅದು ಹೊಸಬರ ಭೇಟಿ. ಹೀಗಾದರೆ ಅಂಗಡಿ ನಡೆಯುವುದಾದರೂ ಹೇಗೆ? ಬುಟ್ಟಿಗೆ ಹಾಕಿದ್ದೆಲ್ಲ ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮಾಯ. ಪ್ರತಿ ಬ್ರೌಸರಿಗೂ ಒಂದೊಂದು ಶಾಶ್ವತ ಸಂಖ್ಯೆ ಕೊಟ್ಟುಬಿಡುವ ಸುಲಭದ ದಾರಿ ಇತ್ತು. ಹಾಗೆ ಮಾಡಿದರೆ ಎಲ್ಲ ವೆಬ್‌ಸೈಟುಗಳೂ ಸೇರಿ ಒಬ್ಬ ಮನುಷ್ಯನ ಬೆನ್ನು ಹತ್ತಬಹುದು ಎಂದು ಮೊಂಟುಲಿ ಅದನ್ನು ಕೈಬಿಟ್ಟರು. ಬದಲಿಗೆ, ಚೀಟಿ ಬರೆದ ತಾಣ ಮಾತ್ರವೇ ಅದನ್ನು ಮತ್ತೆ ಓದಬಹುದು ಎಂಬ ನಿಯಮ ಮಾಡಿದರು.

ಜಾಹೀರಾತಿನವರು ಆ ನಿಯಮವನ್ನು ಮುರಿಯಲಿಲ್ಲ, ಅದರ ಪಕ್ಕದಿಂದ ನುಸುಳಿದರು. ಒಂದು ಸುದ್ದಿತಾಣದ ಪುಟದಲ್ಲಿ ಜಾಹೀರಾತಿನ ಚಿತ್ರ ಇದೆ ಎನ್ನಿ. ಚಿತ್ರ ಬರುವುದು ಜಾಹೀರಾತು ಕಂಪನಿಯ ಸರ್ವರಿನಿಂದ. ಹಾಗಾಗಿ ಆ ಕಂಪನಿಯೂ ತನ್ನದೊಂದು ಚೀಟಿಯನ್ನು ಬ್ರೌಸರಿನಲ್ಲಿ ಇಡಬಹುದು. ಅದೇ ಕಂಪನಿಯ ಜಾಹೀರಾತು ಅಡುಗೆಯ ತಾಣದಲ್ಲಿ, ವೈದ್ಯಕೀಯ ತಾಣದಲ್ಲಿ, ವಧೂವರರ ತಾಣದಲ್ಲಿ ಇದ್ದರೆ ಎಲ್ಲ ಕಡೆಯೂ ಅದು ತನ್ನ ಚೀಟಿಯನ್ನು ಓದುತ್ತದೆ. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಬಗ್ಗೆ ಓದಿದವರೇ ಮಧ್ಯಾಹ್ನ ಸಿರಿಧಾನ್ಯದ ಬೆಲೆ ನೋಡಿದರು ಎಂಬುದು ಎರಡು ತಾಣಗಳಿಗೂ ತಿಳಿಯದು, ನಡುವೆ ಕೂತವರಿಗೆ ತಿಳಿಯುತ್ತದೆ. ಈ ಕಸುಬನ್ನು ದೊಡ್ಡದಾಗಿ ಬೆಳೆಸಿದ ಡಬಲ್‌ಕ್ಲಿಕ್ ಕಂಪನಿಯನ್ನು ಗೂಗಲ್ 2007ರಲ್ಲಿ 310 ಕೋಟಿ ಡಾಲರಿಗೆ ಕೊಳ್ಳಲು ಮುಂದಾಯಿತು, ಮರುವರ್ಷ ಕೊಂಡುಕೊಂಡಿತು.

ಇಂಥ ಮೂರನೆಯವರ ಕುಕೀಗಳನ್ನು ಆಪಲ್‌ನ ಸಫಾರಿ ಬ್ರೌಸರ್ 2020ರ ಮಾರ್ಚ್‌ನಿಂದ ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ ಕೂಡ ಅವು ಒಂದು ತಾಣದಿಂದ ಇನ್ನೊಂದಕ್ಕೆ ಬೆನ್ನು ಹತ್ತದಂತೆ ಕಟ್ಟಿಹಾಕಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರೋಮ್ ಮಾತ್ರ ಎರಡು ವರ್ಷದಲ್ಲಿ ನಿಲ್ಲಿಸುತ್ತೇನೆ ಎಂದು 2020ರಲ್ಲಿ ಹೇಳಿತು, ಮುಂದೂಡಿತು, ಮತ್ತೆ ಮುಂದೂಡಿತು. 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಕ್ರೋಮ್‌ನ ಒಡೆಯರಾದ ಗೂಗಲ್‌ನ ಆದಾಯದ ಬಹುಪಾಲು ಬರುವುದು ಜಾಹೀರಾತಿನಿಂದ ಎಂಬುದನ್ನು ನೆನಪಿಟ್ಟುಕೊಂಡರೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಕುಕೀ ಅಳಿಸಿ ನಿರಾಳರಾಗುವಂತೆಯೂ ಇಲ್ಲ. ಬ್ರೌಸರಿನ ಆವೃತ್ತಿ, ಫಾಂಟ್‌ಗಳ ಪಟ್ಟಿ, ಪರದೆಯ ಅಳತೆ, ಸಮಯವಲಯ ಇವನ್ನೆಲ್ಲ ಒಟ್ಟು ಸೇರಿಸಿದರೆ ಚೀಟಿಯೇ ಬೇಡದೆ ಗುರುತು ಹಿಡಿಯಬಹುದು. ಅಮೆರಿಕದ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಷನ್ 2010ರಲ್ಲಿ ಪ್ರಯೋಗ ಮಾಡಿದಾಗ, ಪರೀಕ್ಷೆಗೆ ಬಂದ ಬ್ರೌಸರುಗಳಲ್ಲಿ ಶೇ 83.6ರಷ್ಟು ತಮ್ಮಂತೆ ಇನ್ನೊಂದಿಲ್ಲದವು ಎಂದು ಕಂಡುಬಂತು.

ಹಾಗಾದರೆ ಪುಟ ತೆರೆದೊಡನೆ ಅಡ್ಡ ಬಂದು ನಿಲ್ಲುವ ‘ಎಲ್ಲವನ್ನೂ ಒಪ್ಪುತ್ತೇನೆ’ ಎಂಬ ಫಲಕ ಯಾತಕ್ಕೆ? ಯುರೋಪಿನ ಕಾನೂನಿನ ಉದ್ದೇಶ ಒಳ್ಳೆಯದಿತ್ತು. ಕೇಳದೆ ಚೀಟಿ ಇಡಬೇಡಿ ಎಂದಿತ್ತು. 2018ರ ಮೇ 25ರಂದು ಜಾರಿಗೆ ಬಂದ ಜಿಡಿಪಿಆರ್ ನಿಯಮಾವಳಿ, ಒಪ್ಪಿಗೆ ಎಂದರೆ ತಿಳಿದು, ಸ್ವಇಚ್ಛೆಯಿಂದ, ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು ಎಂದಿತು. ಕಂಪನಿಗಳು ಅಕ್ಷರವನ್ನು ಪಾಲಿಸಿ ಆಶಯವನ್ನು ಬದಿಗಿಟ್ಟವು. ಪ್ಲಾನೆಟ್49 ಎಂಬ ಜರ್ಮನ್ ಲಾಟರಿ ತಾಣ ಒಪ್ಪಿಗೆಯ ಚೌಕದಲ್ಲಿ ಮೊದಲೇ ಟಿಕ್ ಹಾಕಿಟ್ಟು, ಬೇಡದವರು ತೆಗೆಯಲಿ ಎಂದಿತ್ತು. ಇದು ಒಪ್ಪಿಗೆಯೇ ಅಲ್ಲ ಎಂದು ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ತೀರ್ಪಿತ್ತಿತು. 2022ರ ಜನವರಿಯಲ್ಲಿ ಫ್ರಾನ್ಸಿನ ನಿಯಂತ್ರಣ ಸಂಸ್ಥೆ ಸಿಎನ್‌ಐಎಲ್ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿತು. ಅಪರಾಧ ಇಷ್ಟೇ: ಒಪ್ಪಲು ಒಂದೇ ಗುಂಡಿ ಸಾಕಿತ್ತು, ನಿರಾಕರಿಸಲು ಹಲವು ಗುಂಡಿಗಳನ್ನು ಒತ್ತಬೇಕಿತ್ತು. ಫ್ರಾನ್ಸಿನಲ್ಲಿ ‘ಎಲ್ಲವನ್ನೂ ನಿರಾಕರಿಸುತ್ತೇನೆ’ ಎಂಬ ಗುಂಡಿ ಒಪ್ಪುವ ಗುಂಡಿಯ ಪಕ್ಕದಲ್ಲೇ ಬಂದು ಕೂತದ್ದು ಈ ದಂಡದ ಬಿಸಿ ತಾಗಿದ ಮೇಲೆ. ಅಂದರೆ ಮೊದಲೇ ಕೂರಿಸಬಹುದಿತ್ತು, ಮನಸ್ಸಿರಲಿಲ್ಲ. ಭಾರತದಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ 13 ಬಗೆಯ ಕಣ್ಕಟ್ಟುಗಳನ್ನು ಹೆಸರಿಸಿ ನಿಷೇಧಿಸಿದೆ.

ಇನ್ನು ಮಾಹಿತಿ ಸಾಗುವ ದಾರಿ. ಈ ಒಂದು ವಿಷಯದಲ್ಲಿ ಮಾತ್ರ ವೆಬ್ ನಿಜವಾಗಿಯೂ ಸುಧಾರಿಸಿದೆ. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಎಂಬ ತಂತ್ರಜ್ಞ ‘ಫೈರ್‌ಶೀಪ್’ ಎಂಬ ಪುಟ್ಟ ಉಪಕರಣವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಕಾಫಿ ಅಂಗಡಿಯ ವೈಫೈಯಲ್ಲಿ ಕೂತು ಅದನ್ನು ಚಾಲೂ ಮಾಡಿದರೆ ಅಕ್ಕಪಕ್ಕದ ಮೇಜಿನವರ ಫೇಸ್‌ಬುಕ್, ಟ್ವಿಟರ್ ಖಾತೆಗಳು ಪಟ್ಟಿಯಾಗಿ ಬಂದು ನಿಲ್ಲುತ್ತಿದ್ದವು. ಹೆಸರಿನ ಮೇಲೆ ಒತ್ತಿದರೆ ಅವರಾಗಿ ಒಳಗೆ ಹೋಗಬಹುದು. ಆಗಿನ ತಾಣಗಳು ಲಾಗಿನ್ ಆಗುವ ಹೊತ್ತಿನಲ್ಲಿ ಮಾತ್ರ ಗೂಢಲಿಪಿ ಬಳಸಿ, ಆಮೇಲೆ ಎಲ್ಲವನ್ನೂ ಬಿಡುಬೀಸಾಗಿ ಕಳಿಸುತ್ತಿದ್ದುದೇ ಇದಕ್ಕೆ ಕಾರಣ. ಬಟ್ಲರ್ ಉದ್ದೇಶ ಕಂಪನಿಗಳನ್ನು ನಾಚಿಸುವುದಾಗಿತ್ತು, ನಾಚಿದವು. 2013ರ ಹೊತ್ತಿಗೆ ಫೇಸ್‌ಬುಕ್, ಇಡೀ ಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಎಚ್‌ಟಿಟಿಪಿಎಸ್ ಅನ್ನು ಎಲ್ಲರಿಗೂ ಜಾರಿಗೊಳಿಸಿತು. 2015ರಲ್ಲಿ ಶುರುವಾದ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಪುಕ್ಕಟೆಯಾಗಿ ಹಂಚತೊಡಗಿದ ಮೇಲೆ ಸಣ್ಣ ತಾಣಗಳಿಗೂ ನೆಪ ಉಳಿಯಲಿಲ್ಲ.

ಆದರೆ ಬೀಗದ ಚಿಹ್ನೆ ಹೇಳುವುದು ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದಷ್ಟೇ. ಆಚೆ ತುದಿಯಲ್ಲಿ ಕೂತಿರುವವರು ಸಜ್ಜನರು ಎಂದಲ್ಲ. ರೊಮೇನಿಯಾದ ಆ ಕಳ್ಳ ತಾಣಕ್ಕೂ ಪ್ರಮಾಣಪತ್ರ ಇತ್ತು, ಅದೂ ದುಡ್ಡು ಕೊಟ್ಟು ಕೊಂಡದ್ದು. ಬೀಗ ಕಂಡರೆ ಸಾಕು ನಂಬುತ್ತೇವೆ ಎಂಬ ಜನರ ತಪ್ಪು ತಿಳಿವಳಿಕೆ ಎಷ್ಟು ಬಲವಾಗಿತ್ತೆಂದರೆ, 2023ರಲ್ಲಿ ಕ್ರೋಮ್ ಆ ಚಿಹ್ನೆಯನ್ನೇ ತೆಗೆದುಹಾಕಿತು.

ಇಟ್ಟುಕೊಳ್ಳುವ ರೀತಿಗೆ ಬಂದರೆ ಪಾಸ್‌ವರ್ಡ್‌ಗಿಂತ ಒಳ್ಳೆಯ ನಿದರ್ಶನ ಸಿಗದು. ಒಂದು ವೆಬ್‌ಸೈಟಿಗೆ ಬಳಕೆದಾರರ ಪಾಸ್‌ವರ್ಡ್ ಗೊತ್ತಿರಬೇಕಾದ ಅಗತ್ಯವೇ ಇಲ್ಲ ಎಂದರೆ ಹಲವರು ಹುಬ್ಬೇರಿಸುತ್ತಾರೆ. ಅಸಲಿಗೆ ಗೊತ್ತಿರಲೇಬಾರದು. ಪಾಸ್‌ವರ್ಡನ್ನು ಗಣಿತದ ಒಂದು ಸೂತ್ರಕ್ಕೆ ಹಾಕಿದರೆ ಗುರುತು ಸಿಗದ ಅಕ್ಷರಮಾಲೆಯೊಂದು ಹೊರಬರುತ್ತದೆ, ಅದಕ್ಕೆ ಹ್ಯಾಶ್ ಎನ್ನುತ್ತಾರೆ. ರುಬ್ಬಿದ ದೋಸೆ ಹಿಟ್ಟಿನಿಂದ ಅಕ್ಕಿ, ಉದ್ದನ್ನು ಮತ್ತೆ ಹೆಕ್ಕಲಾಗದಂತೆ ಹ್ಯಾಶ್‌ನಿಂದ ಪಾಸ್‌ವರ್ಡನ್ನು ಹಿಂದಕ್ಕೆ ಪಡೆಯಲಾಗದು. ತಾಣ ಈ ಹ್ಯಾಶನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಲಾಗಿನ್ ಆದಾಗ ಬಂದದ್ದನ್ನು ಮತ್ತೆ ಅದೇ ಸೂತ್ರಕ್ಕೆ ಹಾಕಿ ಎರಡೂ ತಾಳೆಯಾಗುತ್ತವೆಯೇ ಎಂದು ನೋಡುತ್ತದೆ. ಕಳುವಾದರೂ ಕಳ್ಳನಿಗೆ ಸಿಗುವುದು ಹ್ಯಾಶ್ ಮಾತ್ರ.

ಹೀಗಿರಬೇಕು. 2009ರ ಡಿಸೆಂಬರಿನಲ್ಲಿ ರಾಕ್‌ಯು ಎಂಬ ಕಂಪನಿಗೆ ಕನ್ನ ಬಿದ್ದಾಗ ಸಿಕ್ಕದ್ದು 3.2 ಕೋಟಿ ಪಾಸ್‌ವರ್ಡ್‌ಗಳು, ಸಾದಾ ಅಕ್ಷರಗಳಲ್ಲಿ. ಅವುಗಳಲ್ಲಿ 2,90,731 ಮಂದಿಯ ಪಾಸ್‌ವರ್ಡ್ ‘123456’. ಆ ಪಟ್ಟಿ ಇಂದಿಗೂ ಕಳ್ಳರಿಗೂ ಕಾವಲಿನವರಿಗೂ ಪಠ್ಯಪುಸ್ತಕ. 2012ರಲ್ಲಿ ಲಿಂಕ್ಡ್‌ಇನ್ ಹ್ಯಾಶನ್ನೇನೋ ಇಟ್ಟಿತ್ತು, ಆದರೆ ಹಳತಾದ ಸೂತ್ರ, ಅದಕ್ಕೆ ‘ಸಾಲ್ಟ್’ ಕೂಡ ಬೆರೆಸಿರಲಿಲ್ಲ. ಸಾಲ್ಟ್ ಎಂದರೆ ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆಯಾಗಿ ಸೇರಿಸುವ ಒಂದಿಷ್ಟು ಅಡ್ಡಾದಿಡ್ಡಿ ಅಕ್ಷರ. ಅದಿಲ್ಲದಿದ್ದರೆ ಒಂದೇ ಪಾಸ್‌ವರ್ಡ್ ಇರುವವರಿಗೆಲ್ಲ ಒಂದೇ ಹ್ಯಾಶ್. ಒಬ್ಬರದು ಊಹಿಸಿದರೆ ಸಾವಿರಾರು ಜನರದು ಸಿಕ್ಕಂತೆ. ಮೊದಲು 65 ಲಕ್ಷ ಎಂದುಕೊಂಡಿದ್ದ ಸೋರಿಕೆ, 2016ರಲ್ಲಿ ಮಾರಾಟಕ್ಕೆ ಬಂದಾಗ 11.7 ಕೋಟಿಯಾಗಿತ್ತು.

ಅಡೋಬಿಯ ಕಥೆ ಇನ್ನೂ ಸ್ವಾರಸ್ಯ. 2013ರಲ್ಲಿ ಅಲ್ಲಿಂದ ಸೋರಿದ ಸುಮಾರು 15 ಕೋಟಿ ದಾಖಲೆಗಳಲ್ಲಿ ಪಾಸ್‌ವರ್ಡುಗಳು ಗೂಢಲಿಪಿಯಲ್ಲಿದ್ದವು, ಹ್ಯಾಶ್ ಆಗಿರಲಿಲ್ಲ. ಎಲ್ಲಕ್ಕೂ ಒಂದೇ ಕೀಲಿ. ಕೀಲಿ ಕಳ್ಳರಿಗೆ ಸಿಗಲಿಲ್ಲ ನಿಜ. ಆದರೆ ಪಕ್ಕದಲ್ಲೇ ಬಳಕೆದಾರರು ಮರೆವಿಗೆಂದು ಬರೆದುಕೊಂಡಿದ್ದ ಸುಳಿವುಗಳು ಸಾದಾ ಅಕ್ಷರದಲ್ಲಿದ್ದವು. ಒಂದೇ ಗೂಢಲಿಪಿ ಹತ್ತು ಮಂದಿಗೆ ಇದೆ, ಹತ್ತು ಮಂದಿ ಹತ್ತು ಸುಳಿವು ಬರೆದಿದ್ದಾರೆ. ಒಬ್ಬರು ನಾಯಿಯ ಹೆಸರು ಎಂದಿದ್ದರೆ, ಇನ್ನೊಬ್ಬರು ಅದರ ಮೊದಲಕ್ಷರವನ್ನೇ ಹೇಳಿಬಿಟ್ಟಿರುತ್ತಾರೆ. ಸಂಶೋಧಕರು ಭಾನುವಾರದ ಪದಬಂಧ ಬಿಡಿಸುತ್ತ ಕೂತರು.

ಓದುಗರು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇಲ್ಲಿದೆ. ಯಾವುದಾದರೂ ತಾಣದಲ್ಲಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿ. ಹೊಸದನ್ನು ಹಾಕಿಕೊಳ್ಳಲು ಲಿಂಕ್ ಬಂದರೆ ಸರಿ. ನಿಮ್ಮ ಹಳೆಯ ಪಾಸ್‌ವರ್ಡೇ ಇಮೇಲಿನಲ್ಲೋ ಎಸ್‌ಎಂಎಸ್‌ನಲ್ಲೋ ಬಂದರೆ ಅಲ್ಲಿ ಹ್ಯಾಶ್ ಇಲ್ಲ ಎಂದರ್ಥ. ಆ ತಾಣಕ್ಕೆ ಕೊಟ್ಟ ಪಾಸ್‌ವರ್ಡನ್ನು ಬೇರೆಲ್ಲಿಯೂ ಬಳಸಬೇಡಿ. ಬಳಸಿದ್ದರೆ ಇವತ್ತೇ ಬದಲಿಸಿ.

ಕದ್ದರಷ್ಟೇ ಅನ್ಯಾಯ ಎಂದೂ ಅಲ್ಲ. ಒಂದು ಕೆಲಸಕ್ಕೆಂದು ಪಡೆದದ್ದನ್ನು ಇನ್ನೊಂದಕ್ಕೆ ಬಳಸುವುದು ಕಳ್ಳತನದ ಸುದ್ದಿಯಾಗುವುದಿಲ್ಲ, ಆದರೆ ಅದಕ್ಕಿಂತ ಹೆಚ್ಚು ನಡೆಯುವುದು ಅದೇ. ಖಾತೆಯ ಭದ್ರತೆಗಾಗಿ ಫೋನ್ ನಂಬರ್ ಕೊಡಿ ಎಂದು ಟ್ವಿಟರ್ ವರ್ಷಗಟ್ಟಲೆ ಕೇಳಿತು. 14 ಕೋಟಿಗೂ ಹೆಚ್ಚು ಮಂದಿ ನಂಬಿ ನಂಬರ್, ಇಮೇಲ್ ಕೊಟ್ಟರು. ಅದೇ ಮಾಹಿತಿಯನ್ನು ಜಾಹೀರಾತುದಾರರ ಪಟ್ಟಿಗೆ ತಾಳೆ ಹಾಕಲು ಬಳಸಿದ್ದಕ್ಕೆ 2022ರ ಮೇನಲ್ಲಿ ಕಂಪನಿ 15 ಕೋಟಿ ಡಾಲರ್ ತೆತ್ತಿತು. ಮುಂದಿನ ಸಲ ಭದ್ರತೆಯ ಹೆಸರಿನಲ್ಲಿ ಯಾರಾದರೂ ನಂಬರ್ ಕೇಳಿದರೆ ಜನ ಹಿಂದೆ ಸರಿಯುತ್ತಾರೆ. ಈ ದಂಡದ ಮೊತ್ತಕ್ಕಿಂತ ದೊಡ್ಡ ನಷ್ಟ ಅದು.

ಎಸೆಯುವ ವಿಷಯದಲ್ಲಿ ಭಾರತದ ಉದಾಹರಣೆಗಳೇ ಸಾಕು. 2021ರ ಮೇನಲ್ಲಿ ಏರ್ ಇಂಡಿಯಾ ತನ್ನ ಪ್ರಯಾಣಿಕರಿಗೆ ಪತ್ರ ಬರೆದು, ಮಾಹಿತಿ ಸಂಸ್ಕರಿಸುವ ಎಸ್‌ಐಟಿಎ ಕಂಪನಿಗೆ ಕನ್ನ ಬಿದ್ದು ವಿಶ್ವದಾದ್ಯಂತ ಸುಮಾರು 45 ಲಕ್ಷ ಮಂದಿಯ ವಿವರ ಸೋರಿದೆ ಎಂದಿತು. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ವಿವರ ಅದರಲ್ಲಿದ್ದವು. ಗಮನಿಸಬೇಕಾದದ್ದು ದಿನಾಂಕ: 2011ರ ಆಗಸ್ಟ್‌ನಿಂದ 2021ರ ಫೆಬ್ರುವರಿವರೆಗೆ ನೋಂದಾಯಿಸಿದ ದತ್ತಾಂಶ. 2011ರಲ್ಲಿ ಒಮ್ಮೆ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಿಬಂದ ತಾಯಿಯ ಪಾಸ್‌ಪೋರ್ಟ್ ವಿವರ ಹತ್ತು ವರ್ಷ ಯಾರಿಗೆ, ಯಾತಕ್ಕೆ ಬೇಕಿತ್ತು? ಅದೇ ವರ್ಷ ಡೋಮಿನೋಸ್‌ನ ಭಾರತದ 18 ಕೋಟಿ ಆರ್ಡರುಗಳ ಮಾಹಿತಿ ಹೊರಬಿತ್ತು. ಹಣಕಾಸಿನ ವಿವರ ಹೋಗಿಲ್ಲ ಎಂದು ಕಂಪನಿ ಸಮಾಧಾನ ಹೇಳಿತು. ಫೋನ್ ನಂಬರ್ ಹಾಕಿದರೆ ಆ ಮನೆಯ ವಿಳಾಸ ಸಿಗುವಂಥ ಹುಡುಕು ಯಂತ್ರವನ್ನೇ ಕಿಡಿಗೇಡಿಗಳು ಮಾಡಿಟ್ಟಿದ್ದರು. ಕಾರ್ಡನ್ನಾದರೂ ಬದಲಿಸಬಹುದು, ಬೆನ್ನು ಹತ್ತಿದವನಿಂದ ತಪ್ಪಿಸಿಕೊಂಡು ಬದುಕುತ್ತಿರುವ ಹೆಣ್ಣುಮಗಳು ಮನೆ ಬದಲಿಸಬೇಕೇ? ಅದಕ್ಕೆ ಹಿಂದಿನ ವರ್ಷ, 2020ರ ನವೆಂಬರ್‌ನಲ್ಲಿ, ಬೆಂಗಳೂರಿನ ಬಿಗ್‌ಬ್ಯಾಸ್ಕೆಟ್ ಸರದಿ. ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಮಾರಾಟಕ್ಕಿದೆ ಎಂದು ಸೈಬಲ್ ಎಂಬ ಭದ್ರತಾ ಸಂಸ್ಥೆ ಹೇಳಿತು, ಕಂಪನಿ ಬೆಂಗಳೂರಿನ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ. ಐದಾರು ತಿಂಗಳಲ್ಲಿ ಆ ಮಾಹಿತಿ ಪುಕ್ಕಟೆಯಾಗಿಯೇ ಹರಿದಾಡತೊಡಗಿತು.

ಹೆಸರು ತೆಗೆದು ಇಟ್ಟುಕೊಂಡರೆ ಸಾಕಲ್ಲವೇ ಎನ್ನುವವರಿದ್ದಾರೆ. ಸಾಲದು. 2006ರ ಆಗಸ್ಟ್‌ನಲ್ಲಿ ಎಒಎಲ್ ಕಂಪನಿ ಸಂಶೋಧಕರಿಗೆ ನೆರವಾಗಲೆಂದು ಆರೂವರೆ ಲಕ್ಷ ಬಳಕೆದಾರರ ಸುಮಾರು 2 ಕೋಟಿ ಹುಡುಕಾಟಗಳನ್ನು, ಹೆಸರಿನ ಬದಲು ಸಂಖ್ಯೆ ಹಾಕಿ, ಪ್ರಕಟಿಸಿತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿಗಾರರು 4417749 ಎಂಬ ಸಂಖ್ಯೆಯ ಹಿಂದಿದ್ದ ಜಾರ್ಜಿಯಾದ ವೃದ್ಧೆಯ ಮನೆ ಬಾಗಿಲು ತಟ್ಟಿದರು. ಆಕೆ ಊರಿನ ತೋಟಗೆಲಸದವರನ್ನು, ತನ್ನ ಮನೆತನದ ಹೆಸರಿನವರನ್ನು, ತನ್ನ ನಾಯಿಯ ಚೇಷ್ಟೆಗೆ ಪರಿಹಾರವನ್ನು ಹುಡುಕಿದ್ದರು. ಅಷ್ಟು ಸಾಕಾಯಿತು. ಅಂಚೆ ವಲಯ, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಎಂಬ ಮೂರೇ ಸಂಗತಿಯಿಂದ ಅಮೆರಿಕದ ಶೇ 87ರಷ್ಟು ಜನರನ್ನು ಗುರುತಿಸಬಹುದು ಎಂದು ಲತಾನ್ಯಾ ಸ್ವೀನಿ ಎಂಬ ವಿದ್ವಾಂಸೆ ಅದಕ್ಕೂ ಮೊದಲೇ, 2000ದಲ್ಲಿ, ಲೆಕ್ಕ ಹಾಕಿದ್ದರು. ಚಪ್ಪಲಿ ಮಾರುವ ತಾಣ ಹುಟ್ಟಿದ ದಿನಾಂಕ ಕೇಳುವುದು ಶುಭಾಶಯ ಕಳಿಸುವುದಕ್ಕಷ್ಟೇ ಎಂದು ನಂಬುವವರು ಇದನ್ನು ಮತ್ತೊಮ್ಮೆ ಓದಬೇಕು.

ಇದೆಲ್ಲ ಸ್ವಂತ ಫೋನು, ಸ್ವಂತ ಇಮೇಲ್ ಇರುವವರ ಮಾತಾಯಿತು. ಕರ್ನಾಟಕದ ಯಾವುದೇ ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಇನ್ನೊಂದು ಚಿತ್ರ ಸಿಗುತ್ತದೆ. ವಿದ್ಯಾರ್ಥಿವೇತನಕ್ಕೋ ಪಿಂಚಣಿಗೋ ಅರ್ಜಿ ಹಾಕಲು ಬಂದವರು ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಎಲ್ಲವನ್ನೂ ಕಿಟಕಿಯೊಳಕ್ಕೆ ಚಾಚುತ್ತಾರೆ. ಒಳಗಿನ ಹುಡುಗ ಸ್ಕ್ಯಾನ್ ಮಾಡುತ್ತಾನೆ. ‘ಒಟಿಪಿ ಬಂತಾ ಯಜಮಾನ್ರೇ, ಹೇಳಿ’ ಎನ್ನುತ್ತಾನೆ. ಆ ಆರಂಕಿಯ ಸಂಖ್ಯೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುತ್ತದೆ. ‘ಮೇಲಿನ ಷರತ್ತುಗಳನ್ನು ಓದಿ ಒಪ್ಪಿದ್ದೇನೆ’ ಎಂಬ ಚೌಕದಲ್ಲಿ ಟಿಕ್ ಬೀಳುವುದು ಹುಡುಗನ ಮೌಸಿನಿಂದ. ಅವನದೇನೂ ತಪ್ಪಿಲ್ಲ, ಅವನಿಲ್ಲದಿದ್ದರೆ ಅರ್ಜಿಯೇ ಹೋಗುವುದಿಲ್ಲ. ಆದರೆ ಸಂಜೆ ಅಂಗಡಿ ಮುಚ್ಚುವಾಗ ಆ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಇಡೀ ಹೋಬಳಿಯ ಆಧಾರ್ ಪಿಡಿಎಫ್‌ಗಳು ಬಿದ್ದಿರುತ್ತವೆ. ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮುಸುಕಿದ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಕೊಡುತ್ತದೆ ಎಂಬುದು ಆ ಸಾಲಿನಲ್ಲಿ ನಿಂತ ಎಷ್ಟು ಮಂದಿಗೆ ಗೊತ್ತು?

ಈ ದೇಶದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿಸಿದ ಮೊಕದ್ದಮೆಗೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ ಅವರಿಗೆ ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಅವರ ಮಾತನ್ನು ಎತ್ತಿಹಿಡಿಯಿತು. ಆ ತೀರ್ಪಿನ ಬೆನ್ನಿಗೆ ಹಲವು ಕರಡುಗಳು ಬಂದು ಹೋಗಿ, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಹುಟ್ಟಿತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರುವುದಕ್ಕೆ ಅಲ್ಲಿಂದ 18 ತಿಂಗಳ ಗಡುವು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಕಾಯ್ದೆಯಲ್ಲಿ ಒಳ್ಳೆಯದಿದೆ. ಕೇಳಿದ ಉದ್ದೇಶ ಮುಗಿದರೆ ಮಾಹಿತಿ ಅಳಿಸಬೇಕು. ಕನಿಷ್ಠ 2 ಕೋಟಿ ಬಳಕೆದಾರರಿರುವ ಇ-ವಾಣಿಜ್ಯ ತಾಣಗಳು, ಮೂರು ವರ್ಷ ತಿರುಗಿ ನೋಡದ ಗ್ರಾಹಕರ ವಿವರವನ್ನು 48 ಗಂಟೆ ಮೊದಲು ತಿಳಿಸಿ ತೆಗೆದುಹಾಕಬೇಕು. ಸೋರಿಕೆಯಾದರೆ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗಷ್ಟೇ ಅಲ್ಲ, ಮಾಹಿತಿ ಸೋರಿದವರಲ್ಲಿ ಪ್ರತಿಯೊಬ್ಬರಿಗೂ ಹೇಳಬೇಕು. ಕಾವಲು ಸರಿಯಿಲ್ಲದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ.

ಕೆಟ್ಟದ್ದನ್ನೂ ಹೇಳಬೇಕು. ಕೇಂದ್ರ ಸರ್ಕಾರ ತಾನು ಬಯಸಿದ ಸರ್ಕಾರಿ ಸಂಸ್ಥೆಯನ್ನು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣ ಕೊಟ್ಟು ಕಾಯ್ದೆಯ ಆಚೆಗಿಡಬಹುದು. ಮಾಹಿತಿ ಹಕ್ಕು ಕಾಯ್ದೆಯ ಒಂದು ಕಲಮನ್ನು ತಿದ್ದಿ, ವೈಯಕ್ತಿಕ ಎಂಬ ನೆಪದಲ್ಲಿ ಅಧಿಕಾರಿಗಳು ಉತ್ತರ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟಿದ್ದಾರೆಂದು ಹೋರಾಟಗಾರರು ದೂರುತ್ತಿದ್ದಾರೆ. ಆ ದೂರಿನಲ್ಲಿ ಹುರುಳಿದೆ. ಎಲ್ಲಕ್ಕಿಂತ ಚುಚ್ಚುವ ಸಂಗತಿ, ದಂಡದ ಹಣವೆಲ್ಲ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಅಜಾಗರೂಕತೆಯಿಂದ ಮಾಹಿತಿ ಸೋರಿದರೆ ನೊಂದವರಿಗೆ ಪರಿಹಾರ ಕೊಡಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನು ಈ ಹೊಸ ಕಾಯ್ದೆ ಕಿತ್ತುಹಾಕುತ್ತದೆ. ವಿಳಾಸ ಸೋರಿಹೋದವರ ಕೈಗೆ ಬಿಡಿಗಾಸೂ ಇಲ್ಲ.

ಇನ್ನೊಂದು ಸಣ್ಣ ಕಲಮು ಕನ್ನಡ ಓದುಗರ ಕಣ್ಣಿಗೆ ಬೀಳಬೇಕು. ಯಾವ ಮಾಹಿತಿ, ಯಾತಕ್ಕಾಗಿ ಪಡೆಯುತ್ತಿದ್ದೇವೆ ಎಂಬ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕಂಪನಿಗಳು ಕೊಡಲೇಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಯಾರೂ ಕೇಳದಿದ್ದರೆ ಅದು ಯಂತ್ರ ಉಗುಳಿದ, ತಲೆಬುಡವಿಲ್ಲದ ಅನುವಾದವಾಗಿ ಪುಟದ ತಳದಲ್ಲಿ ಎಲ್ಲೋ ಬಿದ್ದಿರುತ್ತದೆ. ಹಾಗಾಗಿ ಕೇಳಿ. ದಿನಸಿ ತರಿಸುವ ಆ್ಯಪನ್ನು, ಸಾಲ ಕೊಡುವ ತಾಣವನ್ನು, ಮಕ್ಕಳ ಟ್ಯೂಷನ್ ಕಂಪನಿಯನ್ನು ಕೇಳಿ: ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ, ಯಾರಿಗೆಲ್ಲ ಕೊಟ್ಟಿದ್ದೀರಿ, ಯಾವಾಗ ಅಳಿಸುತ್ತೀರಿ, ಕನ್ನಡದಲ್ಲಿ ತಿಳಿಸಿ.